ಒಂದು ಬೆರಳಿನ ಉಡಿದಾರ

ಹರಪನಹಳ್ಳಿ
18 ಜನವರಿ 1998

ಅಪ್ಪನಿಗೆ ನಿನ್ನ ಹುಲುಗಮ್ಮನ ನಮಸ್ಕಾರ.

ಬಸ್ಸು ಹತ್ತುವಾಗ ನಾನು ಅಳಲಿಲ್ಲವೆಂದು ನೀನು ಬಸ್‌ಸ್ಟ್ಯಾಂಡಿನವರಿಗೆಲ್ಲ ಹೇಳಿಕೊಂಡು ತಿರುಗುತ್ತಿರಬಹುದು. ಅತ್ತದ್ದು ಕೊಟ್ಟೂರು ದಾಟಿದ ಮೇಲೆ. ಕಂಡಕ್ಟರ್ ದಾವಲ್ ಸಾಬರು ಟಿಕೆಟ್ ಕೊಡದೆ ಎರಡು ಸಲ ನನ್ನ ಸೀಟು ದಾಟಿ ಹೋದರು. ಮೂರನೆಯ ಸಲ ನಿಂತು, "ಹೊಳ್ಳಿ ಹೋಗಾದಿದ್ರ ಈಗ ಹೇಳವ್ವ, ಆ ಕಡಿ ಬಸ್ಸು ಎದುರು ಬರತೈತಿ, ಕೈ ಮಾಡಿ ನಿಲ್ಲಸ್ತೀನಿ" ಅಂದರು. ನಾನು ಕೈಚೀಲದಿಂದ ಪುಸ್ತಕ ತೆಗೆದು ಓದುವವಳ ಹಾಗೆ ಕೂತೆ. ಪುಸ್ತಕ ತಲೆಕೆಳಗಾಗಿತ್ತಂತೆ. ಅದನ್ನೂ ಅವರೇ ತಿರುಗಿಸಿ ಕೊಟ್ಟರು.

ವಾರಕ್ಕೊಮ್ಮೆ ನಾನು ಬಂದು ಹೋದರೆ ಮಗು ಎದೆಹಾಲು ಬಿಡುವುದಿಲ್ಲ, ನಾನು ಹೊರಟ ಮೇಲೆ ಎರಡು ದಿನ ಜ್ವರ ಹಿಡಿದು ಮಲಗುತ್ತದೆ, ಅದಕ್ಕೇ ಪರೀಕ್ಷೆ ಮುಗಿಯುವ ತನಕ ತಾಯಿ ಕಣ್ಣಿಗೆ ಬೀಳಬಾರದು. ಇದು ಅವ್ವ ಮತ್ತು ಅತ್ತಿ ಸೇರಿ ಮಾಡಿದ ತೀರ್ಮಾನ. ಬೀಗತಿಯರಿಬ್ಬರೂ ಒಂದೇ ಮಾತು ಆಡಿದ್ದು ನನ್ನ ಮದುವೆಯಾದ ಮೇಲೆ ಇದೇ ಮೊದಲು. ಅದನ್ನು ಮುರಿಯುವ ಧೈರ್ಯ ನನಗಿರಲಿಲ್ಲ.

ಅತ್ತಿ ತೊಡೆಯ ಮೇಲೆ ಮೂರೆಳೆ ಕರಿದಾರ ಹೊಸೆದು ಮಗನ ಸೊಂಟಕ್ಕೆ ಕಟ್ಟಿದಾಗ ನೀನೂ ಇದ್ದೆಯಲ್ಲ. "ಉಡದಾರದಾಗ ಒಂದು ಬೆರಳು ಹೋಗಬೇಕು, ಎರಡು ಹೋಗಬಾರದು. ಎರಡು ಹೋದ ದಿನ ಹುಡುಗ ಬಡವಾದ ಅಂತ ತಿಳಕಂತೀನಿ. ಅವತ್ತಿಗೆ ನಿನ್ನ ಓದು ಮುಗೀತು, ಚೀಲ ಕಟ್ಟಿಕ್ಯಂಡು ಬಾ. ಬೆಳದಂಗ ನಾನೇ ಬಂದು ಸಡ್ಲ ಮಾಡ್ತೀನಿ. ಗಂಟು ಯಾರೂ ಮುಟ್ಟಂಗಿಲ್ಲ" ಅಂದರು ಅತ್ತಿ. ನಿನ್ನ ಅಳಿಯ ಅಂಜಿನೇಯಲು ಬೋರ್‌ವೆಲ್ ಲಾರಿಯ ಜೊತೆ ಯಾವ ಊರಿನ ನೆಲ ಕೊರೆಯುತ್ತಿದ್ದಾರೋ, ಅವರಿಗೂ ಬರೆದು ಕೇಳಿದೆ. "ಅವ್ವ ಹೂಂ ಅಂದ್ರ ನಂದೂ ಹೂಂ" ಎಂದು ಕಾರ್ಡು ಬಂದಿದೆ. ಅಷ್ಟೊಂದು ಜಾಗ ಖಾಲಿ ಬಿಟ್ಟ ಕಾರ್ಡನ್ನು ನಾನು ಇದುವರೆಗೆ ನೋಡಿರಲಿಲ್ಲ.

ಹೀಗಾಗಿ ನನ್ನ ಟೀಚರ್ ತರಬೇತಿಯ ಟಿ.ಸಿ.ಎಚ್. ಈಗ ನಿನ್ನ ಮೊಮ್ಮಗನ ಸೊಂಟದಲ್ಲಿದೆ. ಜೋಪಾನ.

ಅವ್ವನಿಗೆ ಒಂದು ಮಾತು ಓದಿ ಹೇಳು: ಆಕೆ ಹೇಳಿದಂತೆ ಹಡಗಲಿ ಮಲ್ಲಿಗೆ ತಂದು ಕಟ್ಟಿಕೊಳ್ಳುತ್ತಿದ್ದೇನೆ, ಹಾಲು ಕಟ್ಟಿದ ನೋವು ಸ್ವಲ್ಪ ಇಳಿದಿದೆ. ಏನು ಎತ್ತ ಎಂದು ನೀನು ಕೇಳಬೇಡ, ಓದಿ ಹೇಳು ಅಷ್ಟೇ. ನನ್ನ ರೂಮಿನ ಮೆಹನಾಜ, "ಇಷ್ಟು ಹೂವು ತರ್ತೀಯಲ್ಲ, ತಲಿಗಿ ಒಂದು ಎಸಳೂ ಇಲ್ಲ" ಎಂದು ತಲೆ ಕೆಡಿಸಿಕೊಂಡಿದ್ದಾಳೆ.

ಇಂತಿ ನಿನ್ನ ಮಗಳು,
ಹುಲುಗಮ್ಮ


ಕೊಟ್ಟೂರು
27 ಜನವರಿ 1998

ಚಿರಂಜೀವಿ ಹುಲುಗಮ್ಮನಿಗೆ ಅಪ್ಪ ಬೊಮ್ಮಪ್ಪನ ಆಶೀರ್ವಾದ.

ಇಲ್ಲಿ ಎಲ್ಲರೂ ಕ್ಷೇಮ. ಎಲ್ಲರ ಕ್ಷೇಮವನ್ನೂ ನಿನ್ನ ಮಗ ಒಬ್ಬನೇ ಕೈಗೆ ತೆಗೆದುಕೊಂಡಿರುವುದರಿಂದ ನಾವು ಕೇಳಿ ಪಡೆಯುತ್ತಿದ್ದೇವೆ.

ನಿಮ್ಮ ಹರಪನಹಳ್ಳಿ ಕಳೆದ ವರ್ಷ ಬಳ್ಳಾರಿ ಜಿಲ್ಲೆ ಬಿಟ್ಟು ದಾವಣಗೆರೆ ಜಿಲ್ಲೆಗೆ ಹೋಗಿ ಕುಳಿತಿತು. ಆದ್ದರಿಂದ ಒಂದು ಬಸ್ಸಿನ ದಾರಿಯಲ್ಲಿರುವ ನೀನು ಸರ್ಕಾರದ ಲೆಕ್ಕದಲ್ಲಿ ಪರಜಿಲ್ಲೆಯ ಹೆಂಗಸು. ನಿನ್ನವ್ವ ಅಂಜಿನಕ್ಕ ಇದನ್ನು ಕೇಳಿ ಇನ್ನೊಂದು ಸಲ ಅತ್ತಳು. ನಾನು ಇಂಥ ಸುದ್ದಿ ಮನೆಗೆ ತರಬಾರದಿತ್ತು.

ಶ್ರೀಮಾನ್ ಮೈಲಪ್ಪನವರ ವರದಿ ಹೀಗಿದೆ. ಸತ್ತುಹೋದ ನಿನ್ನ ಮಾವನ ಹೆಸರನ್ನು ಇಟ್ಟುಕೊಂಡ ಮೇಲೆ ಅವರನ್ನು ಏಕವಚನದಲ್ಲಿ ಕರೆಯಲು ನನಗೆ ಬಾಯಿ ಬರುವುದಿಲ್ಲ. ಅವರು ಬೆಳಿಗ್ಗೆ ಎದ್ದು ಮೊದಲು ಬಾಗಿಲ ಕಡೆ ನೋಡುತ್ತಾರೆ. ಅಲ್ಲಿ ನಾನಿದ್ದರೆ ಮುಖ ಕೆಡಿಸಿಕೊಳ್ಳುತ್ತಾರೆ. ಅನಂತರ ರಾಗಿ ಅಂಬಲಿ ಸ್ವೀಕರಿಸಿ, ಅರ್ಧವನ್ನು ನನ್ನ ಅಂಗಿಯ ಮೇಲೆ ಹಿಂದಿರುಗಿಸಿ, ನನ್ನ ಜೊತೆ ಅಂಗಡಿಗೆ ದಯಮಾಡಿಸುತ್ತಾರೆ. ಮಂಡಕ್ಕಿ ಚೀಲಗಳ ನಡುವೆ ಅವರಿಗೊಂದು ಗದ್ದಿಗೆ ಮಾಡಿಕೊಟ್ಟಿದ್ದೇನೆ. ಮಿರ್ಚಿ ಕರಿಯುವ ಒಲೆಯಿಂದ ದೂರ; ಗಾಬರಿಯಾಗಬೇಡ.

ಸಂತೆಯ ದಿನ ಹಗರಿಬೊಮ್ಮನಹಳ್ಳಿ ಬಸ್ಸಿನಿಂದ ನಿನ್ನ ಅತ್ತಿ ಚೌಡಕ್ಕನವರು ಇಳಿದರು. ಸಂತೆ ಆಮೇಲೆ, ತಪಾಸಣೆ ಮೊದಲು. ನೀರು ಕೊಟ್ಟರೆ ಕುಡಿಯಲಿಲ್ಲ. ಅಂಗಿ ಎತ್ತಿದರು, ದಾರದೊಳಗೆ ಬೆರಳು ತೂರಿಸಿದರು. ಒಂದು ಹೋಯಿತು. ಎರಡನೆಯದನ್ನು ತೂರಿಸಲು ನೋಡಿದರು. ಮೈಲಪ್ಪನವರು ಹೊಟ್ಟೆ ಉಬ್ಬಿಸಿ ತಡೆದರು. ಬೀಗತಿ, "ಹೂಂ" ಎಂದು ನೀರು ಕುಡಿದರು. ಅಲ್ಲಿಯ ತನಕ ನಾನೂ ಉಸಿರು ಹೊಟ್ಟೆಯಲ್ಲೇ ಇಟ್ಟುಕೊಂಡಿದ್ದೆ.

ಮಲ್ಲಿಗೆಯ ವಿಷಯ ಓದಿ ಹೇಳಿದೆ. ನಿನ್ನವ್ವ ಸೆರಗಿನಿಂದ ಮುಖ ಮುಚ್ಚಿಕೊಂಡು ಒಳಗೆ ಹೋದಳು. ನಾನು ಏನೂ ಕೇಳಲಿಲ್ಲ.

ಇಂತಿ, ಗದ್ದಿಗೆಯ ಸೇವಕ,
ನಿನ್ನಪ್ಪ ಬೊಮ್ಮಪ್ಪ


ಹರಪನಹಳ್ಳಿ
10 ಫೆಬ್ರವರಿ 1998

ಅಪ್ಪಾ,

ಪಾಠ ಹೇಳುವ ಅಭ್ಯಾಸಕ್ಕೆ ನಮ್ಮನ್ನು ಬಾಗಳಿಯ ಶಾಲೆಗೆ ಹಾಕಿದ್ದಾರೆ. ಮೊನ್ನೆ ಎರಡನೇ ತರಗತಿಗೆ ನಿಂತೆ. ಹಿಂದೆ ನಮ್ಮ ಮೇಡಂ ಅಂಕ ಹಾಕಲು ಕೂತಿದ್ದರು. ಎಲ್ಲ ಚೆನ್ನಾಗಿಯೇ ನಡೆದಿತ್ತು. ಒಂದು ಹುಡುಗಿ ತನ್ನ ತಮ್ಮನನ್ನೂ ಕಂಕುಳಲ್ಲಿ ತಂದಿದ್ದಳು. ಅದು ಅಳತೊಡಗಿತು. ನಾನು ಸೀಮೆಸುಣ್ಣ ಕೆಳಗಿಟ್ಟು, ಅದನ್ನೆತ್ತಿ ಭುಜಕ್ಕೆ ಹಾಕಿಕೊಂಡು, ಬೆನ್ನು ತಟ್ಟುತ್ತ ಗುಣಾಕಾರ ಹೇಳಿಕೊಟ್ಟೆನಂತೆ. ನನಗೆ ಗೊತ್ತೇ ಆಗಲಿಲ್ಲ. ಮೇಡಂ ಷರಾ ಬರೆದಿದ್ದಾರೆ: "ಪಾಠೋಪಕರಣ ಬಳಕೆ ವಿಷಯಕ್ಕೆ ಸಂಬಂಧಿಸಿಲ್ಲ."

ನಿನ್ನ ಪತ್ರ ಓದಿ ಮೆಹನಾಜ ನಕ್ಕು ನಕ್ಕು ಸಾಕಾದಳು. ನಾನೂ ನಕ್ಕೆ. ಆದರೆ ಬಾಗಿಲ ಕಡೆ ನೋಡುತ್ತಾನೆ ಎಂದು ಬರೆದೆಯಲ್ಲ, ಆ ಒಂದು ಸಾಲಿಗೆ ಮಾತ್ರ ನಗು ಬರಲಿಲ್ಲ. ಈಗಲೂ ನೋಡುತ್ತಾನೆಯೇ? ನೋಡುತ್ತಾನೆ ಎಂದರೂ ಸಂಕಟ, ಬಿಟ್ಟಿದ್ದಾನೆ ಎಂದರೂ ಸಂಕಟ. ನಿನಗೆ ಯಾವುದು ಬರೆಯಲು ಸುಲಭವೋ ಅದನ್ನೇ ಬರೆ.

ಹುಲುಗಮ್ಮ


ಕೊಟ್ಟೂರು
21 ಫೆಬ್ರವರಿ 1998

ಚಿರಂಜೀವಿ ಹುಲುಗಮ್ಮನಿಗೆ ಆಶೀರ್ವಾದಗಳು.

ಮೈಲಪ್ಪನವರ ಆಸ್ಥಾನದಲ್ಲಿ ಈ ವಾರ ಮಹತ್ತರ ಘಟನೆಗಳು ಜರುಗಿದವು. ಅವರು ನಿಂತರು. ಯಾರ ಆಸರೆಯೂ ಇಲ್ಲದೆ, ತಕ್ಕಡಿಯ ಸರಪಳಿಯೊಂದನ್ನು ಹಿಡಿದುಕೊಂಡು. ಆಸರೆಯೂ ಇಲ್ಲ, ಸರಪಳಿಯೂ ಇದೆ, ಇದು ಹೇಗೆ ಎಂದು ನೀನು ಟೀಚರಮ್ಮನ ಹಾಗೆ ಕೇಳಬೇಡ. ನಿಂತವರು ತಮ್ಮ ಗೌರವಾರ್ಥ ತಾವೇ ಚಪ್ಪಾಳೆ ತಟ್ಟಲು ಕೈಬಿಟ್ಟು ಮಂಡಕ್ಕಿ ಚೀಲದೊಳಗೆ ಅಂತರ್ಧಾನರಾದರು. ಗಿರಾಕಿಗಳು ಸೇರಿ ಹೊರಗೆ ತೆಗೆದೆವು. ಮೂಗಿನಲ್ಲಿ ಎರಡು ಮಂಡಕ್ಕಿ ಸಿಕ್ಕವು, ಮಾರಾಟ ಮಾಡಲಿಲ್ಲ.

ಈಗ ಒಂದು ಗುಟ್ಟಿನ ಮಾತು. ಹೋದ ವಾರ ಅವರಿಗೆ ಸ್ವಲ್ಪ ಭೇದಿಯಾಗಿತ್ತು. ಸ್ವಲ್ಪವೇ. ಡಾಕ್ಟರ ಔಷಧಿಯಿಂದ ನಿಂತಿದೆ, ಈಗ ಗುಂಡುಕಲ್ಲಿನ ಹಾಗೆ ಇದ್ದಾರೆ. ಆದರೆ ಸಂತೆಯ ಹಿಂದಿನ ದಿನ ನೋಡುತ್ತೇನೆ, ಉಡಿದಾರ ಜಾರಿ ತೊಡೆಗೆ ಬಂದಿದೆ. ಎರಡು ಬೆರಳಲ್ಲ, ನನ್ನ ಅಂಗೈಯೇ ಹೋಗುತ್ತಿತ್ತು. ಬೀಗತಿ ನಾಳೆ ಬಂದು ಬೆರಳು ಹಾಕಿದರೆ ನಿನ್ನ ಎರಡು ವರ್ಷದ ಓದು ಆ ಬೆರಳಿನ ಜೊತೆಗೇ ಹೊರಗೆ ಬರುತ್ತಿತ್ತು. ಅದಕ್ಕೇ ನಿನ್ನವ್ವ ನೀರಿಗೆ ಹೋದಾಗ ನಾನು ಆ ಗಂಟು ಬಿಚ್ಚಿ, ಎಳೆದು, ಅಷ್ಟೇ ಅಂದವಾಗಿ ಇನ್ನೊಂದು ಗಂಟು ಹಾಕಿದೆ. ಮಂಡಕ್ಕಿ ಚೀಲದ ಬಾಯಿಗೆ ಇಷ್ಟು ವರ್ಷ ಗಂಟು ಹಾಕಿದ ಕೈ ಇದು. ಚೌಡಕ್ಕನವರು ಬಂದರು, ಒಂದು ಬೆರಳು ಹೋಯಿತು, ಎರಡನೆಯದು ಹೋಗಲಿಲ್ಲ. ತುಸು ಹೊತ್ತು ಸೊಂಟವನ್ನೇ ನೋಡಿದರು. "ಹೂಂ" ಎಂದರು. ಪಾಸು!

ನಿನ್ನವ್ವನಿಗೂ ಹೇಳಿಲ್ಲ. ಆಕೆಯ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. ಈ ಪತ್ರ ಹರಿದು ಹಾಕು.

ನಿನ್ನ ಪರಾಕ್ರಮಿ ಅಪ್ಪ,
ಬೊಮ್ಮಪ್ಪ


ಹರಪನಹಳ್ಳಿ
23 ಫೆಬ್ರವರಿ 1998

ಅಪ್ಪಾ,

ಮಗುವಿಗೆ ಭೇದಿಯಾದರೆ ನನಗೆ ತಿಳಿಸಬೇಕು. ನಿಂತ ಮೇಲೆ ತಿಳಿಸುವುದಲ್ಲ, ಆದಾಗ.

ನೀನು ಹೆಚ್ಚು ತಮಾಷೆ ಬರೆದಷ್ಟೂ ನನಗೆ ಹೆದರಿಕೆ. ಅಜ್ಜಿ ತೀರಿದ ದಿನವೂ ನೀನು ಬಂದವರನ್ನೆಲ್ಲ ನಗಿಸುತ್ತ ಕೂತಿದ್ದೆ. ಇನ್ನು ಮೇಲೆ ನಿನ್ನ ಪತ್ರ ಬಂದರೆ ಮೊದಲು ಮೈಲಪ್ಪನವರ ವರದಿಯನ್ನು ಬಿಟ್ಟು ಕೊನೆಯ ಸಾಲುಗಳನ್ನು ಓದುತ್ತೇನೆ.

ನಿನ್ನ ಪತ್ರ ಓದಿ ನೇರ ಬಸ್‌ಸ್ಟ್ಯಾಂಡಿಗೆ ಹೋಗಿ ದಾವಲ್ ಸಾಬರ ಬಸ್ಸಿನಲ್ಲಿ ಕೂತೂ ಕೂತೆ. ಅವರು ಸೀಟಿ ಊದುವ ಮೊದಲು ನನ್ನ ಕಡೆ ನೋಡಿದರು. ಇಳಿದೆ. ಬಂದರೆ ಮತ್ತೆ ಹಾಲು ನೆನಪಾಗುತ್ತದೆ, ಮತ್ತೆ ಜ್ವರ, ಮತ್ತೆ ದಾರ ಸಡಿಲ. ಬರದಿದ್ದರೆ ಹೀಗೆ.

ಅತ್ತಿಗೆ ತಾನು ಹಾಕಿದ ಗಂಟು ಗೊತ್ತಾಗುವುದಿಲ್ಲವೇ? ಹಾಲು ಕರೆಯುವ, ಹಗ್ಗ ಹೊಸೆಯುವ ಹೆಂಗಸು ಆಕೆ.

ಪತ್ರ ಹರಿದಿದ್ದೇನೆ. ನೀನೂ ಇದನ್ನು ಹರಿ.

ಹುಲುಗಮ್ಮ


ಕೊಟ್ಟೂರು
29 ಮಾರ್ಚ್ 1998

ಮಗಳಿಗೆ,

ನಿನ್ನೆ ಯುಗಾದಿ. ನೀನಿಲ್ಲದೆ ಹೋಳಿಗೆ ಮಾಡಬಾರದೆಂದು ಅವ್ವ, ಮಗುವಿಗಾಗಿ ಮಾಡಬೇಕೆಂದು ನಾನು. ಮಾಡಿದೆವು. ಯಾರೂ ತಿನ್ನಲಿಲ್ಲ.

ತಮಾಷೆ ಬರೆಯಲು ಕೂತೆ, ಬರುತ್ತಿಲ್ಲ. ನೀನು ಕೊನೆಯ ಸಾಲನ್ನು ಮೊದಲು ಓದುವವಳು, ಆದ್ದರಿಂದ ಕೊನೆಯ ತನಕ ಕಾಯಿಸದೆ ಇಲ್ಲೇ ಹೇಳುತ್ತೇನೆ: ಹುಡುಗ ಅಳುತ್ತಿದ್ದಾನೆ. ಹತ್ತು ದಿನವಾಯಿತು. ಜ್ವರವಿಲ್ಲ, ಭೇದಿಯಿಲ್ಲ. ಭೇದಿ ನಿಂತ ಮೇಲೆ ತಿಂದು ತಿಂದು ಮೈ ತುಂಬಿಕೊಂಡಿದ್ದಾನೆ, ಕೆನ್ನೆ ಎರಡೂ ಮಿರ್ಚಿ ಬಜ್ಜಿಯ ಹಾಗೆ ಉಬ್ಬಿವೆ. ಆದರೂ ಅಳು. ಕೂರಿಸಿದರೆ ಚೀರುತ್ತಾನೆ, ಅಂಗಾತ ಮಲಗಿಸಿ ಕೈಕಾಲು ಚಾಚಿದರೆ ತುಸು ಸುಮ್ಮನಾಗುತ್ತಾನೆ. ಉಂಡ ಮೇಲಂತೂ ನೋಡಲಾಗುವುದಿಲ್ಲ. ಡಾಕ್ಟರು ಅಂಗಿಯ ಮೇಲೆಯೇ ಹೊಟ್ಟೆ ಒತ್ತಿ, ಕಿವಿ ನೋಡಿ, ಹಲ್ಲು ಬರುತ್ತಿರಬೇಕು ಎಂದರು. ದೃಷ್ಟಿ ತೆಗೆದೆವು, ಮೆಣಸಿನಕಾಯಿಗೆ ನನ್ನ ಅಂಗಡಿಯಲ್ಲಿ ಬರವಿಲ್ಲ. ಬಿಸಿಲಿಗೆ ಸೊಂಟದಲ್ಲಿ ಕೆಂಪು ಬೆವರುಗುಳ್ಳೆಯೂ ಎದ್ದಿದೆ, ನಿನ್ನವ್ವ ಎರೆದ ಮೇಲೆ ಅರಿಶಿನ ಹಚ್ಚುತ್ತಾಳೆ.

ಹುಣಸೆಹಣ್ಣು ಬಡಿಯುವ ಕಾಲವಾದ್ದರಿಂದ ಬೀಗತಿ ಒಂದು ತಿಂಗಳಿಂದ ಸಂತೆಗೆ ಬಂದಿಲ್ಲ. ಬಂದರೆ ಈ ಅಳು ಕೇಳಿ ಏನೆನ್ನುತ್ತಾರೋ.

ನಿನ್ನ ಪರೀಕ್ಷೆ ಏಪ್ರಿಲ್ ಎರಡಕ್ಕೆ ಶುರು ಎಂದು ನನಗೆ ಗೊತ್ತು. ಆದರೂ ನಿನ್ನವ್ವ ಬರೆ ಅಂದದ್ದನ್ನು ಬರೆಯಲೇಬೇಕು. "ಕೂಸು ತಾಯಿನ್ನ ನೆನಸಾಕ ಹತ್ತೈತಿ. ಓದು ಇನ್ನೊಂದು ವರ್ಷ ಬರತೈತಿ. ಬಂದು ಬಿಡು ಅಂತ ಬರೀರಿ."

ಅಪ್ಪ


ಹರಪನಹಳ್ಳಿ
30 ಮಾರ್ಚ್ 1998, ಬೆಳಿಗ್ಗೆ

ಅಪ್ಪಾ,

ದಾವಲ್ ಸಾಬರು ನಿನ್ನ ಪತ್ರ ತಂದುಕೊಟ್ಟ ಕೂಡಲೆ ಚೀಲ ಕಟ್ಟಿದೆ. ಇನ್ನೊಂದು ವರ್ಷ ಎಂದರೆ ನನಗೆ ಇನ್ನೊಂದು ವರ್ಷವಿಲ್ಲ ಎಂದು ಗೊತ್ತಿದ್ದೇ ಕಟ್ಟಿದೆ. ಚೀಲದ ಬಾಯಿಗೆ ಹುರಿ ಎಳೆದು ಬಿಗಿಯುವಾಗ ಮೆಹನಾಜ, "ಅಷ್ಟು ಎಳೀಬ್ಯಾಡಲೇ, ತುಂಬಿದ ಚೀಲ, ಹರದು ಹೋಗತೈತಿ" ಅಂದಳು.

ಅಲ್ಲಿಗೆ ನನ್ನ ಕೈ ನಿಂತಿತು. ನಿನ್ನ ಪತ್ರ ಮತ್ತೆ ತೆಗೆದು ಓದಿದೆ. ಮೈ ತುಂಬಿದೆ. ಕೂತರೆ ಅಳು, ಚಾಚಿದರೆ ಸುಮ್ಮನೆ. ಉಂಡರೆ ಅಳು. ಸೊಂಟದಲ್ಲಿ ಕೆಂಪು.

ಅಪ್ಪಾ, ಭೇದಿಯಾದಾಗ ನೀನು ಬಿಗಿದೆಯಲ್ಲ, ಆ ಗಂಟನ್ನು ಮತ್ತೆ ಸಡಿಲ ಮಾಡಿದೆಯಾ? ಅವ್ವ ಅದನ್ನು ಅತ್ತಿಯ ಗಂಟೆಂದೇ ತಿಳಿದಿದ್ದಾಳೆ. ಮುಟ್ಟಬಾರದೆಂದು ಮುಟ್ಟಿರುವುದಿಲ್ಲ, ಸುತ್ತಲೂ ಅರಿಶಿನ ಹಚ್ಚಿರುತ್ತಾಳೆ. ಈ ಪತ್ರ ಕೈಗೆ ಬಂದ ಕೂಡಲೆ, ಯಾರೇ ಎದುರಿಗಿರಲಿ, ಆ ದಾರ ಕತ್ತರಿಸು.

ದಾವಲ್ ಸಾಬರ ಕೈಯಲ್ಲಿ ಕೊಡುತ್ತಿದ್ದೇನೆ. ಸಂಜೆ ಅದೇ ಬಸ್ಸಿಗೆ ಉತ್ತರ ಬರದಿದ್ದರೆ ನಾಳೆ ಬೆಳಿಗ್ಗೆ ನಾನೇ ಬರುತ್ತೇನೆ. ಚೀಲ ಬಿಚ್ಚಿಲ್ಲ.

ಹುಲುಗಮ್ಮ


ಕೊಟ್ಟೂರು
30 ಮಾರ್ಚ್ 1998, ಮಧ್ಯಾಹ್ನ

ಮಗಳಿಗೆ,

ಚೀಲ ಬಿಚ್ಚು. ಮಗು ಮಲಗಿದೆ. ಇನ್ನು ನಿಧಾನವಾಗಿ ಓದು.

ದಾವಲ್ ಸಾಬರು ನಿನ್ನ ಪತ್ರ ಹಿಡಿದು ಅಂಗಡಿಗೆ ಬಂದಾಗ ಒಳಗೆ ಯಾರಿದ್ದರು ಹೇಳು? ಸಾಕ್ಷಾತ್ ಚೌಡಕ್ಕನವರು. ಹಬ್ಬ ಮುಗಿಸಿ ಬೆಳಗಿನ ಬಸ್ಸಿಗೇ ಮೊಮ್ಮಗನಿಗೆ ಹೋಳಿಗೆ ಹೊತ್ತು ತಂದಿದ್ದರು. ಮಗು ಅವರ ತೊಡೆಯ ಮೇಲೆ ಚೀರುತ್ತಿತ್ತು. "ಸೊಸಿ ಪತ್ರ ಏನ್ರಿ ಬೀಗ್ರ? ಓದ್ರಿ, ನಾನೂ ಕೇಳ್ತೀನಿ" ಎಂದರು.

ಇಲ್ಲದ್ದನ್ನು ಇದ್ದಂತೆ ಓದಿ ಹೇಳುವ ವಿದ್ಯೆ ನನಗೆ ಚೆನ್ನಾಗಿ ಬರುತ್ತದೆ, ನಿನಗೆ ಗೊತ್ತಲ್ಲ. ಅತ್ತಿಗೆ ಸಾಷ್ಟಾಂಗ ನಮಸ್ಕಾರ ಬರೆದಿದ್ದಾಳೆ ಎಂದು ಒಂದು ಸಾಲು ಓದಿಯೂ ಬಿಟ್ಟೆ. ಕಣ್ಣು ಮುಂದಿನ ಸಾಲಿಗೆ ಹೋಯಿತು. ಆಮೇಲೆ ನಾನು ಏನೂ ಓದಲಿಲ್ಲ. ಮೆಣಸಿನಕಾಯಿ ಸೀಳುವ ಚಾಕು ಒರೆಸಿಕೊಂಡು ಹೋಗಿ, ಅವರ ಎದುರಿಗೇ ಮಗುವಿನ ಅಂಗಿ ಎತ್ತಿ ನೋಡಿದೆ. ದಾರ ಕಾಣಲಿಲ್ಲ, ಹುಲುಗಮ್ಮ. ಹೊಟ್ಟೆಯ ಮಡಿಕೆಯೊಳಗೆ ಹೂತುಹೋಗಿತ್ತು. ಬೆನ್ನಿನ ಕಡೆ ತುಸು ಜಾಗ ಸಿಕ್ಕಿತು, ಅಲ್ಲಿ ಕತ್ತರಿಸಿದೆ. ಸುತ್ತಲೂ ಕೆಂಪು ಬರೆ. ಅವನು ಒಂದು ದೊಡ್ಡ ಉಸಿರು ಬಿಟ್ಟ, ಎರಡು ಬಿಕ್ಕಿದ, ನನ್ನನ್ನು ನೋಡಿದ. ಆ ನೋಟದ ಬಗ್ಗೆ ನಾನು ಬರೆಯಲಾರೆ. ಬೀಗತಿಯ ತೊಡೆಯ ಮೇಲೆ ಹಾಗೇ ನಿದ್ದೆ ಹೋದ. ಡಾಕ್ಟರು ಬಂದು ನೋಡಿ ಮುಲಾಮು ಕೊಟ್ಟಿದ್ದಾರೆ, ವಾರದಲ್ಲಿ ಮಾಯುತ್ತದಂತೆ.

ಬೀಗತಿ ಕತ್ತರಿಸಿದ ದಾರ ಎತ್ತಿ ಗಂಟನ್ನು ತಿರುವಿ ತಿರುವಿ ನೋಡಿದರು. ಕೊನೆಗೆ, "ಕಾಗದ ತಗೀರಿ, ನಾ ಹೇಳಿದ್ದು ಬರೀರಿ" ಎಂದರು. ಇನ್ನು ಮುಂದೆ ಮಾತು ಅವರದು, ಕೈ ಮಾತ್ರ ನನ್ನದು. ನಾನು ಏನಾದರೂ ನುಂಗಿದರೆ ತಿಳಿಯಲೆಂದು ಮುಗಿದ ಮೇಲೆ ದಾವಲ್ ಸಾಬರಿಂದ ಓದಿಸುತ್ತಾರಂತೆ.

"ಹುಲುಗಮ್ಮ, ನಿಮ್ಮಪ್ಪ ದಡ್ಡ. (ಬರೆಯಲು ತಡ ಮಾಡಿದೆ. 'ಬರೀರಿ' ಎಂದರು. ಬರೆದೆ.) ಅವನು ಗಂಟು ಹಾಕಿದ ಮರುದಿನ ಬೆರಳು ಇಟ್ಟಾಗನ ನನಗ ಗೊತ್ತಾತು. ನನ್ನ ಗಂಟು ಎಡಕ್ಕ ಮಲಗತೈತಿ, ಇದು ಚೀಲದ ಗಂಟು, ನೆಟ್ಟಗ ನಿಂತಿತ್ತು. ಕೂಸು ಕೈಗಿ ಹಗೂರ ಆಗಿದ್ದೂ ಗೊತ್ತಾತು. ಆದರೂ ಹೂಂ ಅಂದೆ. ಯಾಕಂದಿ? ಗಂಟು ನಂದಲ್ಲ ಅಂದಿದ್ರ ನಿನ್ನ ಕರಸಬೇಕಾಗಿತ್ತು. ಆಡಿದ ಮಾತು ಹಿಂದಕ್ಕ ತಗಳ್ಳಾಕ ನನಗ ಬರಂಗಿಲ್ಲ, ನಿನ್ನ ಓದು ಕೆಡಸಾಕೂ ಮನಸಿರಲಿಲ್ಲ. ಹಂಗಾಗಿ ಕಾಣದಂಗ ಇದ್ದೆ. ಹುಣಸಿ ಮುಗಿಸ್ಕ್ಯಂಡು ಬಂದು ಸಡ್ಲ ಮಾಡಿದ್ರಾತು ಅಂದ್ಕಂಡೆ. ಅವನಿಗೂ ಗೊತ್ತಿತ್ತು, ನಿನ್ನ ಪತ್ರ ನೋಡಿ ಚಾಕು ಹಿಡದ ಅಂದ್ರ ನಿನಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಗೊತ್ತಿಲ್ಲದಾಕಿ ದಿನಾ ಎರಿಯೋ ಅಂಜಿನಕ್ಕ ಒಬ್ಬಾಕಿನ. ನಾವು ಮೂರು ಮಂದಿ ಶಾಣ್ಯಾರು ಸೇರಿ ಕೂಸಿನ ಸೊಂಟ ಕೊಯ್ದಿವಿ."

(ಇಲ್ಲಿ ಅವರು ನಿಲ್ಲಿಸಿದರು. ನಾನು ಒಂದು ತಟ್ಟೆ ಮಿರ್ಚಿ ಮುಂದಿಟ್ಟೆ. ತಿಂದರು. ಖಾರಕ್ಕೆ ಕಣ್ಣು ಒರೆಸಿಕೊಂಡರು. ನಮ್ಮ ಮಿರ್ಚಿ ಅಷ್ಟು ಖಾರವಿಲ್ಲ.)

"ನೀ ಈಗ ಬರಂಗಿಲ್ಲ. ಪರೀಕ್ಷಿ ಬಿಟ್ಟು ಬಂದ್ರ ಹೊಸ್ತಲ ದಾಟಸಂಗಿಲ್ಲ. ಮುಗಿಯೋ ಮಟ ನಾ ಇಲ್ಲೇ ಬೀಗರ ಮನ್ಯಾಗ ಇರ್ತೀನಿ. (ಅಮ್ಮಾ ಹುಲುಗಮ್ಮ, ಬೇಗ ಬರೆದು ಮುಗಿಸು.) ಮೂರೆಳಿ ದಾರ ಹೊಸ್ದು ಗ್ವಾಡಿಯಾಗಿನ ದೇವರ ಮಾಡದಾಗ ಇಡ್ತೀನಿ. ನಾ ಕಟ್ಟಂಗಿಲ್ಲ. ಅಲ್ಲೀ ಮಟ ಹುಡುಗ ಬರೇ ಸೊಂಟದಾಗ ಇರ್ತಾನ, ಯಾರು ಏನರ ಅನ್ನಲಿ. ನೀ ಬಂದು ಕಟ್ಟು. ಎಷ್ಟು ಸಡ್ಲ ಬಿಡಬೇಕಂತ ಹೆತ್ತಾಕಿಗಿ ಗೊತ್ತಿರತೈತಿ."

ದಾವಲ್ ಸಾಬರು ಓದಿದರು. ಸರಿಯಾಗಿದೆಯಂತೆ. "ದಡ್ಡ" ಎಂಬಲ್ಲಿ ಸ್ವಲ್ಪ ಜೋರಾಗಿಯೇ ಓದಿದರು.

ಚೌಡಕ್ಕನವರ ಪರವಾಗಿ,
ಮೇಲೆ ಕಾಣಿಸಿದ ದಡ್ಡ ಬೊಮ್ಮಪ್ಪ


ಹರಪನಹಳ್ಳಿ
17 ಏಪ್ರಿಲ್ 1998

ಅತ್ತಿಗೆ ಹುಲುಗಮ್ಮನ ನಮಸ್ಕಾರ. ಓದಿ ಹೇಳುವ ಅಪ್ಪನಿಗೂ, ಇದ್ದದ್ದನ್ನು ಇದ್ದ ಹಾಗೇ ಓದುವ ಷರತ್ತಿನ ಮೇಲೆ, ನಮಸ್ಕಾರ.

ಇವತ್ತಿಗೆ ಪರೀಕ್ಷೆ ಮುಗಿಯಿತು. ಕೊನೆಯದು ಮಕ್ಕಳ ಮನಶ್ಶಾಸ್ತ್ರ. "ಶಿಶುವಿನ ಅಳುವಿಗೆ ಐದು ಕಾರಣಗಳನ್ನು ಬರೆಯಿರಿ" ಎಂದು ಒಂದು ಪ್ರಶ್ನೆ ಇತ್ತು. ಹಸಿವು, ನಿದ್ದೆ, ಭಯ, ಕಾಯಿಲೆ, ತಾಯಿಯ ಅಗಲಿಕೆ. ಪುಸ್ತಕದಲ್ಲಿದ್ದದ್ದು ಅಷ್ಟೇ. ಬರೆದು, ಗೆರೆ ಎಳೆದು, ಮುಂದಿನ ಪ್ರಶ್ನೆಗೆ ಹೋಗಿದ್ದೆ. ಆಮೇಲೆ ಹಿಂದೆ ಬಂದು ಆರನೆಯದನ್ನೂ ಬರೆದೆ: ದೊಡ್ಡವರು ಹಾಕಿದ ಗಂಟು. ಅಂಕ ಕೊಡುತ್ತಾರೋ, ವಿಷಯಕ್ಕೆ ಸಂಬಂಧಿಸಿಲ್ಲ ಎಂದು ಹೊಡೆದುಹಾಕುತ್ತಾರೋ ಗೊತ್ತಿಲ್ಲ.

ಅತ್ತೀ, ನಾನೂ ಗೊತ್ತಿದ್ದು ಸುಮ್ಮನಿದ್ದವಳು. ಪತ್ರ ಹರಿದು ಹಾಕಿದವಳು. ಅದನ್ನು ಎದುರಿಗೇ ಹೇಳಬೇಕು, ಬಂದು ಹೇಳುತ್ತೇನೆ.

ನಾಳೆ ಬೆಳಿಗ್ಗೆ ದಾವಲ್ ಸಾಬರ ಬಸ್ಸಿಗೆ ಹೊರಡುತ್ತೇನೆ. ಮಗ ಈಗ ಬಾಗಿಲ ಕಡೆ ನೋಡುವುದಿಲ್ಲ ಎಂದು ನನಗೆ ಗೊತ್ತು. ಅಪ್ಪ ಆ ವಿಷಯ ಬರೆಯುವುದನ್ನು ನಿಲ್ಲಿಸಿದ ದಿನವೇ ಗೊತ್ತಾಯಿತು. ನನ್ನನ್ನು ಕಂಡು ಯಾರೋ ಎಂದು ಅಜ್ಜಿಯರ ಸೆರಗಿನ ಹಿಂದೆ ಹೋದರೆ ಯಾರೂ ಎಳೆದು ತಂದು ನನ್ನ ತೊಡೆಯ ಮೇಲೆ ಕೂರಿಸಬೇಡಿರಿ. ಅಪ್ಪ ತಮಾಷೆ ಮಾಡಬಾರದು. ನಾನು ಹೊಸ್ತಿಲ ಒಳಗೆ, ಗೋಡೆಗೆ ಒರಗಿ ಕೂರುತ್ತೇನೆ. ಅವನಾಗಿಯೇ ಬರಲಿ. ಎರಡು ವರ್ಷ ಕೂತು ಓದಿದವಳಿಗೆ ಕೂರುವುದೊಂದು ಅಭ್ಯಾಸವಾಗಿದೆ.

ಮಾಡದಲ್ಲಿಟ್ಟ ದಾರವನ್ನು ಕೈಗೆ ಸಿಗುವ ಹಾಗೆ ಇಟ್ಟಿರಿ. ಬಂದ ದಿನವೇ ಕಟ್ಟುತ್ತೇನೆಂದು ಹೇಳಲಾರೆ. ಎಷ್ಟು ಸಡಿಲ ಬಿಡಬೇಕೆಂಬುದನ್ನು ಮೊದಲು ಅವನ ಹೊಟ್ಟೆಯ ಮೇಲೆ ಕೈಯಿಟ್ಟು ಕಲಿಯಬೇಕು.

ನಿಮ್ಮ ಸೊಸಿ,
ಹುಲುಗಮ್ಮ